ದುರಾ

ಐದು ಮಂದಿ ಊಟಕ್ಕ ಬರತಾರ ಅಂತ ಮಧ್ಯಾಹ್ನ ಮೂರಕ್ಕ ಫೋನು.
ಯಾವ ಐದು ಮಂದಿ ಅಂದ್ರ
ಹೊರದೇಶದವರು, ಸುರಂಗ ಬಾವಿ ನೋಡಾಕ ಬಂದವರು,
ನೆಲದಡಿಯ ಹಳೇ ನೀರಿನ ದಾರಿ ಅಳತಿ ಮಾಡವರು.
ಸಾಹೇಬರು ಮೂರು ದಿನ ಹೋಟ್ಲಾಗ ಉಣಿಸಿದ್ರಂತ.
ನಾಕನೇ ದಿನ ಅವರು
ಬ್ಯಾಟರಿ ಹಿಡದು ಮುಂದ ಮುಂದ ನಡದವನ ಮನ್ಯಾಗ ಉಣ್ಣತೀವಿ ಅಂದ್ರಂತ.

ಬ್ಯಾಟರಿ ಹಿಡದವರು ನಮ್ಮವರು.
ಮುನಸಿಪಾಲ್ಟಿಯೊಳಗ ವಾಲ್ವು ತಿರುವೂ ನೌಕರಿ,
ಶಹಾಪುರ ಅಗಸಿ ಕಡೆ ಹನ್ನೆರಡು ಓಣಿಗೆ ನೀರು.

ನಾ ಹೆದರಿ ಪೂರಿ ಮಾಡಿದ್ನಿ, ಪಲಾವ ಮಾಡಿದ್ನಿ,
ಬಗಲಮನಿ ಶಾಹೀನಬಿ ಕಡಿಂದ ಗಾಜಿನ ಪ್ಲೇಟು ತಂದ್ನಿ.
ಖಾರ ಕಡಿಮಿ ಹಾಕಿದ ಬದನಿಕಾಯಿ
ಸೂತಕದ ಮನಿ ಅಡಗಿ ಹಂಗ ಬಿಳಚಿಕೊಂಡು ಕುಂತಿತ್ತು.
ಅತ್ತಿ ಬಿಡಲಿಲ್ಲ.
'ಜ್ವಾಳದ ರೊಟ್ಟಿ ಇಲ್ಲದ ಊಟ ಊಟ ಏನ?
ಅವರು ಉಣ್ಣಲಿ ಬಿಡಲಿ, ನಾನರ ಉಣ್ಣಬೇಕಲ್ಲ.'

ಬಂದ್ರು. ಕೆಂಪು ಗಡ್ಡದ ಯೋರ್ಗನ್ ಬಾಗಲಕ್ಕ ಹಣಿ ಬಡಕೊಂಡ.
ಕಿಡಕಿ ತುಂಬ ಓಣಿ ಹುಡುಗರ ಮುಖ.
ಸ್ಪೇನಿನಾಕಿ ಒಬ್ಬಾಕಿ ಶೇಂಗಾಹಿಂಡಿ ನೆಕ್ಕಿ
ಕಣ್ಣಾಗ ನೀರು ತಂದು, ಮತ್ತ ನೆಕ್ಕಿದ್ಲು.
ಅವರು ಒಂದು ಡಬ್ಬಿ ಬಿಸ್ಕೀಟು, ಒಂದು ಹಾಡು ಕೊಟ್ರು;
ತಿರುಗಿ ಕೊಡಾಕ ನಮ್ಮ ಸಣ್ಣಾಕಿ
ಹದಿಮೂರರ ಮಗ್ಗಿ ಹೇಳಿದ್ಲು.

ಐದನೇ ಆಕಿ ಬಾಗಲ ಹತ್ರ ಬೂಟು ಬಿಚ್ಚಿಟ್ಟು ಕುಂತಿದ್ಲು.
ಸುಡಾನ್ ದೇಶದಾಕಿ, ಹೆಸರು ಅವಾದಿಯಾ,
ಹಸಿ ಎರಿಮಣ್ಣಿನ ಬಣ್ಣ.
ಓಣಿಯವರು ಯಾರೂ ಆಕಿ ಕೂಡ ಫೋಟೋ ಕೇಳಲಿಲ್ಲ.
ಅದು ನನಗ ಆಮ್ಯಾಲ ಹೊಳೀತು.

ನಾ ರೊಟ್ಟಿ ಬಡ್ಯಾಕತ್ತಿದ್ನಿ. ಸಪ್ಪಳ ಕೇಳಿ ಎದ್ದು ಒಳಗ ಬಂದ್ಲು.
ಪರಾತದಾಗಿನ ಹಿಟ್ಟಿಗೆ ಬೊಟ್ಟು ಹಚ್ಚಿ, ಮೂಗಿಗೆ ಹಿಡದು
'ದುರಾ' ಅಂದ್ಲು.
ದೂರ ಅಂದಂಗ ಕೇಳಸ್ತು ನನಗ.
ಹೌದವಾ, ದೂರನ ಇರಬೇಕು ನಿನ್ನೂರು ಅಂದ್ನಿ.
ಆಕಿ ತಲಿ ಅಲ್ಲಾಡಿಸಿ, ಹಿಟ್ಟು ತೋರಿಸಿ, ಎದಿ ಮುಟ್ಟಿಕೊಂಡು,
ಮತ್ತ, 'ದುರಾ, ದುರಾ.'
ಚೀಲದಾಗಿಂದ ನಾಕು ಕಾಳು ತಗದು ಅಂಗೈಗೆ ಹಾಕಿದ್ನಿ.
ನಕ್ಕಳು. ಮುಂದಿನ ಹಲ್ಲಿಲೆ ಕಡದು ನೋಡಿದ್ಲು,
ಒಣಗೈತೋ ಇಲ್ಲೋ ಅಂತ ಒಕ್ಕಲಗಿತ್ತಿ ನೋಡಿದಂಗ.

ಅವರ ಕಡೆ ಹಿಟ್ಟು ರಾತ್ರಿನ ಹುಳಿ ಬರಸತಾರ,
ಕಾದ ತಗಡಿನ ಮ್ಯಾಲ ಗರಿಯ ಚೂರಿಲೆ ಹಿಂಗ ಎಳೀತಾರ,
ಕಾಗದದಂಗ ತೆಳ್ಳಗ.
ಇಷ್ಟನ್ನೂ ಗಾಳ್ಯಾಗ ಕೈಲೆ ಬರದು ತೋರಿಸಿದ್ಲು.
ಎಸರು ಬಿಟ್ಟ ಸುಡು ಹಿಟ್ಟಿಗೆ ಕೈ ಹಾಕಿದ್ಲು; ಹಿಂದ ತಗೀಲಿಲ್ಲ.
ಆಕಿ ಬಡದ ಮೊದಲನೇದು ಹರೀತು. ಎರಡನೇದೂ ಹರೀತು.
ಮೂರನೇದರ ಅಂಚು ಒಡದಿತ್ತು,
ಅದನ್ನ ಅತ್ತಿ ತನ್ನ ತಾಟಿಗೆ ಹಾಕಿಸಿಕೊಂಡ್ಲು.

ಊರಾಗ ಯಾರ್ಯಾರು ಅದಾರ ಅಂತ ಸನ್ನಿ ಮಾಡಿ ಕೇಳಿದ್ನಿ.
ಹಂಚಿನ ಮ್ಯಾಲಿನ ರೊಟ್ಟಿಗೆ ನೀರು ಸವರಿ
ತಿರುವಿ ಹಾಕಿದ್ಲು.
ಉಬ್ಬೂಮಟ ಅದನ್ನ ನೋಡಕೋತ ನಿಂತ್ಲು.

ಹೊರಗ ನಮ್ಮವರು ಯೋರ್ಗನ್‌ಗ
ಪಲಾವದಾಗ ಚಮಚಾಲೆ ಗೀರಿ ಗೀರಿ
ಊರ ಪೈಪಿನ ನಕ್ಷಾ ತೋರಸಾಕತ್ತಿದ್ರು.

ಹೊಂಡೂ ಹೊತ್ತಿಗೆ ಅತ್ತಿ ನನ್ನ ಕರದು ಅಂದ್ಲು,
'ಹೆಣಮಗಳು ಬರಿಗೈಲೆ ಹೊಸ್ತಿಲ ದಾಟಬಾರದು. ಉಡಿ ತುಂಬು.'
ಅಕ್ಕಿ ತರಾಕ ಹೋದಾಕಿ
ಅಕ್ಕಿ ಡಬ್ಬಿ ದಾಟಿ ಜ್ವಾಳದ ಚೀಲಕ್ಕ ಕೈ ಹಾಕಿದ್ನಿ.
ಸೆರಗಿಲ್ಲ ಆಕಿಗೆ. ಖಾಕಿ ಜಾಕೀಟಿನ ಎರಡೂ ಕಿಸೆ ಅಗಲಿಸಿ ಹಿಡದ್ಲು.
ಐದು ಬೊಗಸಿ, ಕಲ್ಲಸಕ್ಕರಿ ತುಣುಕು, ಎಲಿ, ಅಡಕಿ.
ವಿಮಾನದವರು ಬಿಡತಾರೋ ಇಲ್ಲೋ ಅಂತ ಯೋರ್ಗನ್ ಏನೋ ಅಂದಂಗಾತು.
ಆಕಿ ಕಿಸೆದ ಗುಂಡಿ ಹಾಕಿದ್ಲು.

ನಸುಕಿನ ನಾಕಕ್ಕ ನಮ್ಮವರು
ವಾಲ್ವಿನ ಕೀಲಿ ಹೆಗಲ ಮ್ಯಾಲಿಟ್ಟುಕೊಂಡು ಹೊಂಟವರು
ಹೊಸ್ತಿಲದಾಗ ನಿಂತ್ರು, ಅಂಗಾಲಿಗೆ ಕಾಳು ಚುಚ್ಚಿ.
'ಆಕಿ ಒಳಗ ಏನೋ ಅನ್ನಾಕತ್ತಿದ್ಲಲ್ಲ,
ದೂರ ಅಂದ್ಲೇನ?'

ಅಲ್ರಿ, ಅಂದ್ನಿ.
ಜ್ವಾಳ.